ನಳಿಗೆಯಲ್ಲಿ ಕಿತ್ತಳೆ ದಾರ

“ಈ ದಾರವನ್ನು ಟ್ರಿಗರಿಗೆ ಕಟ್ಟಿದ್ದರು ಅಂತ ನಿಮಗೆ ಹೇಳಿದ್ದು ಯಾರು?” ಅಕ್ಕು ಕೇಳಿದಳು.

ಸಬ್ ಇನ್‌ಸ್ಪೆಕ್ಟರ್ ಸಂದೀಪ ಚಹಾದ ಗ್ಲಾಸನ್ನು ಕಟ್ಟೆಯ ಮೇಲಿಟ್ಟ. ಠಾಣೆಯ ಹಿಂದಿನ ಚಹಾ ಟಪರಿಯಲ್ಲಿ ಅವರಿಬ್ಬರೇ ನಿಂತಿದ್ದರು. ಅಕ್ಕು ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾಗ ಸಂದೀಪ ಅವಳ ಕೈಕೆಳಗೆ ಕೆಲಸ ಕಲಿತವನು. ಈಗ ಅವಳು ನಿವೃತ್ತಳು, ಮಾಟುಂಗದ ಮನೆಯಲ್ಲೇ ಖಾಸಗಿ ಪತ್ತೇದಾರಿ ನಡೆಸುತ್ತಿದ್ದಳು. ನಿಪ್ಪಾಣಿಯ ಕಡೆಯ ಈ ಹುಡುಗ ಮಾತ್ರ ಇನ್ನೂ ಅವಳ ಮುಂದೆ ಸಿಗರೇಟು ಹಚ್ಚುತ್ತಿರಲಿಲ್ಲ.

“ಯಾರೂ ಹೇಳಿಲ್ಲ ಮ್ಯಾಡಮ್. ಬಾಡಿ ಪಕ್ಕದಾಗ ದಾರ ಬಿದ್ದಿತ್ತು. ರೈಫಲ್ ಉದ್ದ ಇತ್ತು. ಕೈ ನಿಲುಕಿರಲಿಕ್ಕಿಲ್ಲ, ದಾರ ಕಟ್ಟಿ ಎಳದಿರಬೇಕು ಅಂತ ಸಾಹೇಬ್ರು ಪಂಚನಾಮಾದಾಗ ಬರೆಸಿದ್ರು. ಫೈಲ್ ಬಂದ್.”

ಗುರಿಕಾರ ಶೆಟ್ಟೆಪ್ಪ ಜೋಗೇಶ್ವರಿಯ ತನ್ನದೇ ವರ್ಕ್‌ಶಾಪಿನಲ್ಲಿ, ತನ್ನದೇ ರೈಫಲಿನ ಗುಂಡಿಗೆ ಸತ್ತು ತಿಂಗಳಾಗುತ್ತ ಬಂದಿತ್ತು. ಪೊಲೀಸರು ಆತ್ಮಹತ್ಯೆ ಎಂದಿದ್ದರು. ಅದನ್ನು ನಂಬದೆ ಅಕ್ಕುವಿನ ಬಾಗಿಲು ತಟ್ಟಿದವಳು ಅವನ ಮಗಳು ರೂಪಾಲಿ.

“ಇದು ಪಕ್ಕದಲ್ಲಿ ಬಿದ್ದಿರಲಿಲ್ಲ ಸಂದೀಪ. ನೋಡು.”

ಫೋನಿನಲ್ಲಿದ್ದ ಚಿತ್ರವನ್ನು ಅಕ್ಕು ಎರಡು ಬೆರಳಿನಿಂದ ಹಿಗ್ಗಿಸಿದಳು. ಸ್ಥಳಕ್ಕೆ ಮೊದಲು ಹೋದ ಕಾನ್‌ಸ್ಟೇಬಲ್, ಏನನ್ನೂ ಮುಟ್ಟುವ ಮೊದಲು ತನ್ನ ಸ್ವಂತ ಫೋನಿನಲ್ಲಿ ತೆಗೆದ ಚಿತ್ರ ಅದು. ಕಡತಕ್ಕೆ ಸೇರದೇ ಉಳಿದಿದ್ದ ಅದನ್ನು ಅಕ್ಕು ಅವನಿಂದಲೇ ಪಡೆದಿದ್ದಳು. ಮಲಗಿ ಗುಂಡು ಹೊಡೆಯುವ ದಪ್ಪ ಚಾಪೆ. ಅದರ ಮೇಲೆ ಶೆಟ್ಟೆಪ್ಪ. ಪಕ್ಕದಲ್ಲಿ ರೈಫಲ್. ನಳಿಗೆಯ ತುದಿಯಿಂದ ಕಿತ್ತಳೆ ಬಣ್ಣದ ನೈಲಾನ್ ದಾರ ಗೇಣುದ್ದ ಹೊರಗೆ ಬಂದಿತ್ತು. ಅದರ ಇನ್ನೊಂದು ತುದಿ, ಹಿಂದಕ್ಕೆ ಎಳೆದಿಟ್ಟ ಬೋಲ್ಟಿನ ಬಾಯಲ್ಲಿ, ತೋಟಾ ತುಂಬುವ ಜಾಗದಲ್ಲಿ, ಕಾಣುತ್ತಿತ್ತು.

ಸಂದೀಪ ಬಗ್ಗಿ ನೋಡಿದ. ಅವನ ಹುಬ್ಬು ನಿಧಾನಕ್ಕೆ ಗಂಟಿಕ್ಕಿತು.

“ದಾರ ನಳಿಗೆಯ ಒಳಗೆ ಉಂಟು,” ಅಕ್ಕು ಹೇಳಿದಳು. “ಗುಂಡು ಹಾರುವಾಗ ಅದು ಅಲ್ಲಿ ಇದ್ದಿದ್ದರೆ ತುಂಡಾಗಿ ಹೋಗ್ತಿತ್ತು. ಆಗಲಿಲ್ಲ. ಅಂದರೆ ಗುಂಡು ಹಾರಿದ ಮೇಲೆ ಯಾರೋ ಬೋಲ್ಟ್ ಎಳೆದಿದ್ದಾರೆ, ಖಾಲಿ ತೋಟಾ ತೆಗೆದಿದ್ದಾರೆ, ಆಮೇಲೆ ದಾರ ಪೋಣಿಸಿದ್ದಾರೆ. ಎದೆಗೆ ಗುಂಡು ಬಿದ್ದವನು ಇಷ್ಟೆಲ್ಲ ಮಾಡುವುದುಂಟಾ?”

“ಇಲ್ಲ.”

“ಖಾಲಿ ತೋಟಾ ಸಿಕ್ಕಿತ್ತಾ?”

“ಅದೂ ಇಲ್ಲ.” ಸಂದೀಪ ಅತ್ತಿತ್ತ ನೋಡಿದ. “ಮ್ಯಾಡಮ್, ಇದನ್ನ ನಾ ಸಾಹೇಬ್ರಿಗೆ ತೋರಿಸಿದ್ರ ಫೈಲ್ ಮತ್ತ ತೆರೀತಾರ. ತೆರದ್ರ ಮೊದಲು ಎತ್ತೂದು ಯಾರನ್ನ ಅಂತ ನಿಮಗ ಗೊತ್ತೈತಿ. ವರ್ಕ್‌ಶಾಪಿನ ಇನ್ನೊಂದು ಕೀಲಿ ಇದ್ದವನನ್ನ.”

ಕೀಲಿ ಇದ್ದವನು ಬಸು. ಶೆಟ್ಟೆಪ್ಪನ ಹೆಂಡತಿಯ ಅಣ್ಣನ ಮಗ. ವಿಜಯಪುರದಿಂದ ಬಂದು ಶೆಟ್ಟೆಪ್ಪನ ಹತ್ತಿರ ಲೇಥ್ ಕೆಲಸವನ್ನೂ ಗುರಿಯನ್ನೂ ಕಲಿತವನು.

“ಎರಡು ದಿನ ಕೊಡು,” ಎಂದಳು ಅಕ್ಕು.

“ಕೊಡ್ತೀನಿ. ಆದ್ರ ಯಾರಾದ್ರೂ ತಾವಾಗೇ ಠಾಣೆಗೆ ಬಂದು ಹೇಳಿಕಿ-ಜವಾಬು ಕೊಟ್ರ ನನ್ನ ಕೈಯಾಗ ಏನೂ ಇರೂದಿಲ್ಲ.”

*

ಶೆಟ್ಟೆಪ್ಪನ ಹೆಂಡತಿ ಬಸಲಿಂಗವ್ವ ಅಡುಗೆಮನೆಯ ನೆಲದ ಮೇಲೆ ಕೂತು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದಳು. ಹಣೆ ಬರಿದಾಗಿತ್ತು. ಅಕ್ಕು ಬಂದಾಗ ಏಳಲು ಹೋದವಳನ್ನು ಅಕ್ಕುವೇ ಭುಜ ಹಿಡಿದು ಕೂರಿಸಿದಳು. ರೂಪಾಲಿ ಕೆಳಗೆ ರಿಕ್ಷಾ ಹುಡುಕಲು ಹೋಗಿದ್ದಳು.

ಗೋಡೆಯ ಮೊಳೆಗೆ ಶೆಟ್ಟೆಪ್ಪನ ಶೂಟಿಂಗ್ ಜಾಕೆಟ್ ಇನ್ನೂ ತೂಗುತ್ತಿತ್ತು. ಮೊಣಕೈಯ ಹತ್ತಿರ ಸವೆದಲ್ಲೆಲ್ಲ ಕೈಹೊಲಿಗೆ ಹಾಕಿದ ತೇಪೆಗಳು. ಕೆಳಗೆ ಒಂದು ಡಬ್ಬಿಯಲ್ಲಿ ಹಳೆಯ ಸೀರೆಯನ್ನು ಕತ್ತರಿಸಿ ಮಾಡಿದ ಪುಟ್ಟ ಪುಟ್ಟ ಬಟ್ಟೆ ಚೂರುಗಳು, ನಳಿಗೆ ಒರೆಸಲು.

“ಇದೆಲ್ಲ ನೀವೇ ಮಾಡಿದ್ದಾ?”

“ಮತ್ಯಾರು ಮಾಡತಾರ್ರೀ? ಅವ್ರಿಗೆ ಸೂಜ್ಯಾಗ ದಾರ ಹಾಕೂದು ಸೈತ ಕಾಣತಿರಲಿಲ್ಲ ಈಗೀಗ.”

ಶೆಟ್ಟೆಪ್ಪನ ಕಣ್ಣಿನ ಕಥೆಯನ್ನು ಅಕ್ಕು ಡಾಕ್ಟರಿಂದಲೂ ಕೇಳಿದ್ದಳು. ಸುತ್ತಲಿನದು ಕಾಣುತ್ತಿತ್ತು, ನೇರ ನೋಡಿದ್ದು ಮಾತ್ರ ಮಸುಕು. ಐವತ್ತು ಮೀಟರ್ ದೂರದಲ್ಲಿ ಶರ್ಟಿನ ಗುಂಡಿಯಷ್ಟು ಚಿಕ್ಕ ಬಿಂದುವನ್ನು ಜೀವನವಿಡೀ ಹುಡುಕಿದ ಮನುಷ್ಯನಿಗೆ ಆ ಬಿಂದುವೇ ಅಳಿಸಿಹೋಗಿತ್ತು. ಲೈಸೆನ್ಸ್ ನವೀಕರಣಕ್ಕೆ ಹೋದರೆ ಕಣ್ಣಿನ ಸರ್ಟಿಫಿಕೇಟ್ ಕೇಳಿದ್ದರು. ರೈಫಲನ್ನು ಬೇರೆಯವರ ಹೆಸರಿಗೆ ಮಾಡಬೇಕಿತ್ತು, ಇಲ್ಲವೇ ಸರ್ಕಾರಕ್ಕೆ ಒಪ್ಪಿಸಬೇಕಿತ್ತು.

“ಯಾರಿಗೆ ಕೊಡುವುದು ಅಂತ ತೀರ್ಮಾನ ಮಾಡಿದ್ರಾ?”

“ಮಗಳಿಗೆ ಕೊಡಬೇಕಂತ ಇತ್ರಿ. ಆಕಿ ಟೀಮಿನ್ಯಾಗ ಹೆಸರು ಬರಲಿಲ್ಲ ಅಂತ ಬಿಟ್ಟು ಕುಂತಳು. ಆಮ್ಯಾಗ ಬಸೂಗ ಅಂದ್ರು. ಒಂದ ರೈಫಲ್ಲಿಗೆ ಎಷ್ಟು ಜಿಗದಾಟ ಅಂತೀರಿ. ಆ ನಳಗಿಗೆ ಯಾವ ತೋಟಾ ಒಗ್ಗತೈತಿ ಅಂತ ಹುಡುಕೂದ್ರಾಗ ನನ್ನ ಮದವಿ ಆಗಿ ಅರ್ಧ ವಯಸ್ಸು ಹೋತು. ಬ್ಯಾರೆ ತೋಟಾ ಹಾಕಿದ್ರ ಸಿಟ್ಟಾಗಿ ಅನ್ನ ಉಣತಿರಲಿಲ್ಲ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಹೆಮ್ಮೆಯೂ ಇರಲಿಲ್ಲ.

“ಆ ದಿನ ಯಾರು ಯಾರು ಎಲ್ಲೆಲ್ಲಿ ಇದ್ರು ಹೇಳ್ತೀರಾ?”

“ಬಸು ಡ್ರಿಲ್ ಬಿಟ್ ತರಾಕ ದಾದರಿಗೆ ಹೋಗಿದ್ದ. ರೂಪಾಲಿ ಕೆಲಸದ ಇಂಟರ್‌ವ್ಯೂ ಅಂತ ಪುಣೆಕ್ಕ ಹೋಗಿದ್ಲು, ಅಲ್ಲಿಂದ ಫೋನ್ ಮಾಡಿದ್ಲು. ನಾ ಇಲ್ಲೇ ಇದ್ದೆ. ಹಿಂಗ ಶೇಂಗಾ ಸಿಪ್ಪಿ ತಗೀತಿದ್ದೆ.”

ಅಕ್ಕು ಫೋನ್ ತೆಗೆದಳು. ಶೆಟ್ಟೆಪ್ಪನ ಮುಖ ಕಾಣದ ಹಾಗೆ ಚಿತ್ರವನ್ನು ಹಿಗ್ಗಿಸಿ ಮುಂದೆ ಹಿಡಿದಳು.

“ನನಗ ಆ ಫೋಟೊ ಬ್ಯಾಡ್ರಿ.”

“ಮುಖ ಇಲ್ಲ. ಈ ದಾರ ಒಂದು ನೋಡಿ. ಇದು ಎಂತದು ಅಂತ ನನಗೆ ತಿಳಿಯಬೇಕಿತ್ತು.”

ಬಸಲಿಂಗವ್ವ ನೋಡಿದಳು. ಶೇಂಗಾದ ಮೊರದಲ್ಲಿ ಆಡುತ್ತಿದ್ದ ಅವಳ ಬೆರಳು ನಿಂತವು.

“ತಿಳಕೊಂಡು ಏನ ಮಾಡೂದೈತ್ರಿ?” ಎಂದಳು ಕೊನೆಗೆ. “ಹೋದವ್ರು ಹೋದ್ರು. ನಿಮಗ ಮಗಳು ಹೇಳಿರಬೇಕು ಹುಡುಕ್ರಿ ಅಂತ. ಆಕಿಗೆ ನೀವಾದ್ರೂ ಬುದ್ಧಿ ಹೇಳ್ರಿ. ಹುಡುಕಿದಷ್ಟೂ ನಮ್ಮನ್ಯಾಗಿನ ಮಂದಿನೇ ಕಡಿಮಿ ಆಗತಾರ.”

ಮೆಟ್ಟಿಲು ಇಳಿಯುವಾಗ ಅಕ್ಕುವಿಗೆ ಆ ಮಾತು ಸರಿ ಎನ್ನಿಸಿತು. ಸರಿ ಎನ್ನಿಸಿದ್ದೇ ಅವಳಿಗೆ ಕಸಿವಿಸಿಯಾಯಿತು.

*

ಬಸು ಅಭ್ಯಾಸ ಮಾಡುವ ಶೂಟಿಂಗ್ ರೇಂಜ್ ಇದ್ದದ್ದು ಖಾಡಿಯ ಉಪ್ಪುನೀರಿನ ದಂಡೆಯಲ್ಲಿ, ಮ್ಯಾಂಗ್ರೋವ್ ಗಿಡಗಳ ಬೆನ್ನಿಗೆ. ತಗಡಿನ ಮಾಡು, ಎದುರಿಗೆ ಮಣ್ಣಿನ ದಿಬ್ಬ. ರಿಕ್ಷಾ ಗೇಟಿನ ಹೊರಗೇ ನಿಂತಿತು.

“ನಾನು ಒಳಗೆ ಬರಲ್ಲ ಆಂಟಿ,” ಎಂದಳು ರೂಪಾಲಿ. ಇಪ್ಪತ್ತಾರರ ಹುಡುಗಿ, ಕನ್ನಡಕ್ಕಿಂತ ಹಿಂದಿ ಬೇಗ ಬಾಯಿಗೆ ಬರುತ್ತಿತ್ತು. “ದೋ ಸಾಲ್ ಸೇ ಬಂದಿಲ್ಲ. ಬಸು ಒಳ್ಳೆಯವನು. ಅವನ ಮೇಲೆ ಡೌಟ್ ಇದ್ರೆ ಪ್ಲೀಸ್ ಬಿಟ್ಬಿಡಿ.”

“ಡೌಟ್ ಯಾರ ಮೇಲೂ ಇಲ್ಲದಿದ್ರೆ ನನ್ನನ್ನು ಯಾಕೆ ಕರೆದದ್ದು?”

ರೂಪಾಲಿ ಪರ್ಸು ತೆಗೆದು ರಿಕ್ಷಾದವನಿಗೆ ದುಡ್ಡು ಎಣಿಸಿದಳು. ದಾರದ ವಿಷಯವನ್ನು ಅಕ್ಕು ಅವಳಿಗೆ ಹೇಳಿರಲಿಲ್ಲ.

ಒಳಗೆ ನಾಲ್ಕೈದು ಮಂದಿ ಚಾಪೆಗಳ ಮೇಲೆ ಮಕಾಡೆ ಮಲಗಿದ್ದರು. ಅಕ್ಕು ಹಿಂದಿನ ಬೆಂಚಿನಲ್ಲಿ ಕೂತಳು. ಇಲಾಖೆಯಲ್ಲಿ ಅವಳು ಹೊಡೆದದ್ದು ಭುಜ ಒದೆಯುವ, ಕಿವಿ ಗುಂಯ್‌ಗುಡಿಸುವ ಬಂದೂಕು. ಇಲ್ಲಿನ ಸದ್ದು ಒಣಕಡ್ಡಿ ಮುರಿದಷ್ಟೇ.

ಬಸು ಕೊನೆಯ ಚಾಪೆಯಲ್ಲಿದ್ದ. ಕ್ಲಬ್ಬಿನ ಎರವಲು ರೈಫಲ್. ಎಡಗೈಗೆ ರೈಫಲಿನ ಪಟ್ಟಿ ಬಿಗಿದಿತ್ತು, ಕೆನ್ನೆ ಅದರ ಮರದ ಹಿಡಿಗೆ ಒತ್ತಿತ್ತು. ಬೋಲ್ಟ್ ಹಿಂದಕ್ಕೆ ಎಳೆದ, ಕಡಲೆಕಾಳು ಇಡುವ ಹಾಗೆ ಒಂದೇ ಒಂದು ತೋಟಾ ಇಟ್ಟ, ಮುಂದಕ್ಕೆ ತಳ್ಳಿದ. ಉಸಿರು ಬಿಟ್ಟ. ಅರ್ಧದಲ್ಲಿ ನಿಲ್ಲಿಸಿದ. ಹೊಡೆಯಲಿಲ್ಲ. ರೈಫಲ್ ಇಳಿಸಿ, ಕಣ್ಣುಜ್ಜಿ, ಮತ್ತೆ ಏರಿಸಿದ. ಈ ಸಲ ಹೊಡೆದ.

ಪಕ್ಕದ ಪರದೆಯಲ್ಲಿ ಗುಂಡಿನ ಗುರುತು ಕಪ್ಪು ವೃತ್ತದ ಅಂಚಿನಲ್ಲಿ ಮೂಡಿತು. ಅದರ ಸುತ್ತ ಇನ್ನೂ ಹಲವು ಗುರುತುಗಳು ಚೆಲ್ಲಾಪಿಲ್ಲಿ.

“ಬಸು,” ಎಂದಳು ಅಕ್ಕು, ಮೆಲ್ಲನೆ.

ಅವನು ತಿರುಗಿ ನೋಡಿದ. ಅವಳನ್ನು ಗುರುತಿಸಿದ. ಕಣ್ಣು ಅವಳ ಮೇಲಿರುವಾಗಲೇ ಅವನ ಕೈ ಬೋಲ್ಟನ್ನು ಹಿಂದಕ್ಕೆ ಎಳೆಯಿತು. ಖಾಲಿ ತೋಟಾ ಹೊರಗೆ ಬಿತ್ತು. ಚಾಪೆಯ ಅಂಚಿನಿಂದ ಕಿತ್ತಳೆ ದಾರವೊಂದನ್ನು ಹುಡುಕಿ ತೆಗೆದು, ನಳಿಗೆಯ ಹಿಂಬದಿಯಿಂದ ತೂರಿಸಿ, ಮುಂದಿನ ತುದಿಯಲ್ಲಿ ಹೊರಬರುವ ತನಕ ತಳ್ಳಿತು. ಒಂದು ಸಲವೂ ಅವನು ಅತ್ತ ನೋಡಲಿಲ್ಲ.

ಅಕ್ಕು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಕೆಳಗಿಟ್ಟ ಪ್ರತಿಯೊಂದು ರೈಫಲಿನ ಬಾಯಲ್ಲೂ ಅಂಥದೇ ದಾರ. ಒಳಗೆ ಗುಂಡಿಲ್ಲ, ಇನ್ನು ಯಾರಿಗೂ ಅಪಾಯವಿಲ್ಲ ಎಂದು ದೂರದಿಂದಲೇ ಕಾಣಿಸಲು.

ಕೊಂದವನೋ, ಕಂಡವನೋ, ಯಾರೇ ಇರಲಿ, ಶೆಟ್ಟೆಪ್ಪನ ಪಕ್ಕ ಕೂತು ಇನ್ನು ಯಾರಿಗೂ ಅಪಾಯವಾಗದ ಹಾಗೆ ನೋಡಿಕೊಂಡಿದ್ದ.

*

ಮಾಡಿನ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಇಬ್ಬರೂ ನಿಂತರು. ಬಸು ಬಿಗಿಯಾದ ಜಾಕೆಟ್ಟಿನ ಗುಂಡಿಗಳನ್ನು ಬಿಚ್ಚಿದ. ಒಳಗಿನ ಬನಿಯನ್ ಬೆವರಿಗೆ ಅಂಟಿತ್ತು.

“ಮಾಮಾರ ರೈಫಲ್ಲಿಗೆ ಎಣ್ಣಿ ಹಚ್ಚ್ಯಾರೇನ್ರಿ ಠಾಣ್ಯಾಗ?” ಅದು ಅವನ ಮೊದಲ ಮಾತು.

“ಇಲ್ಲ. ಜಪ್ತಿ ಸಾಮಾನಿನ ಮಾಲ್‌ಖಾನೆಯಲ್ಲಿ ಗೋಡೆಗೆ ಒರಗಿಸಿದ್ದಾರೆ.”

“ಈ ಹವಾಕ್ಕ ಹೋಗೇ ಬಿಡ್ತೈತ್ರಿ. ಒಮ್ಮೆ ನಳಗಿ ಒಳಗ ತುಕ್ಕು ಹಿಡೀತಂದ್ರ ಅದು ಮತ್ತ ಹಂಗ ಹೊಡ್ಯಾಂಗಿಲ್ಲ.”

ಅಕ್ಕು ಚಿತ್ರ ತೋರಿಸಿದಳು. ಅವನು ಒಮ್ಮೆ ನೋಡಿ ಮುಖ ಆಚೆ ತಿರುಗಿಸಿದ.

“ನಿನ್ನ ಹತ್ರ ಕೀಲಿ ಉಂಟು,” ಎಂದಳು ಅವಳು. “ರೈಫಲ್ ನಿನಗೆ ಬರುವುದಿತ್ತು. ಕಣ್ಣು ಮುಚ್ಚಿಯೂ ಈ ದಾರ ಹಾಕುವ ಕೈ ನಿನಗುಂಟು, ಈಗಷ್ಟೇ ನೋಡಿದೆ. ಇಷ್ಟು ಸಾಕು ಪೊಲೀಸರಿಗೆ. ಇನ್ನು ಅವರು ಏನೂ ಕೇಳುವುದಿಲ್ಲ.”

“ನಾ ಹಾಕಿಲ್ರಿ ಅದನ್ನ.”

“ಮತ್ತೆ ಯಾರು?”

“ನಾ ಹೋಗೂದ್ರಾಗ ಹಾಕಿತ್ರಿ.”

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಡ್ರಮ್ಮಿನ ಅಂಚು ಹಿಡಿದುಕೊಂಡ.

“ಪೊಲೀಸರಿಗೆ ನೀನು ದಾದರಿನಲ್ಲಿದ್ದೆ ಅಂತ ಹೇಳಿದ್ದೆ.”

“ಹೋಗಿದ್ನಿರಿ. ಅಂಗಡಿ ಮುಚ್ಚಿತ್ತು, ಹೊಳ್ಳಿ ಬಂದೆ. ಶಟರ್ ಅರ್ಧ ಇಳಿಸಿತ್ತು. ಬಗ್ಗಿ ಒಳಗ ಹೋದ್ನಿ. ಮಾಮಾ ಚಾಪಿ ಮ್ಯಾಲೆ...” ಅವನು ನಿಲ್ಲಿಸಿದ. “ದಾರ ಹಾಕಿತ್ತು. ಖಾಲಿ ತೋಟಾ ಡಬ್ಬಿ ಮ್ಯಾಲೆ ನೆಟ್ಟಗ ನಿಲ್ಲಿಸಿತ್ತು, ಬಾಯಿ ಕೆಳಗ ಮಾಡಿ. ಅದನ್ನ ನಾ ತಗೊಂಡ್ನಿ. ಖಾಡಿಗೆ ಒಗದ್ನಿ.”

“ಯಾಕೆ?”

“ಹಂಗ ನಿಲ್ಲಸಾಕ ಮಾಮಾ ರೂಪಾಗ ಸಣ್ಣಾಕಿದ್ದಾಗ ಕಲಿಸಿದ್ರು.”

ತಗಡಿನ ಮಾಡಿನ ಆ ಕಡೆಯಿಂದ ಒಂದು ಗುಂಡಿನ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಅಷ್ಟಕ್ಕೇ ಅವಳ ಮೇಲೆ ನಿನಗೆ ಸಂಶಯ ಬಂತಾ?”

“ಅಷ್ಟಕ್ಕ ಅಲ್ರಿ.” ಬಸು ಕೆಳಗೆ ಕೂತ. ಮೊಣಕಾಲ ಮೇಲೆ ಕೈಯಿಟ್ಟು ತನ್ನ ಅಂಗೈಯನ್ನೇ ನೋಡುತ್ತ ಹೇಳಿದ. “ಮಾಮಾರಿಗೆ ಇನ್ನಾ ಉಸಿರು ಇತ್ರಿ.”

ಅಕ್ಕು ಫೋನಿನ ಪರದೆ ಆರಿಸಿದಳು.

“ಸಣ್ಣ ಗುಂಡು ಅದು. ಲಗೂ ಜೀವ ತಗ್ಯಾಂಗಿಲ್ಲ. ನನ್ನ ಹೆಜ್ಜಿ ಸಪ್ಪಳ ಕೇಳಿ ಮುಖ ಹೊಳ್ಳಿಸಿದ್ರು. ಯಾರು ಅಂತ ಕಾಣಲಿಲ್ಲ ಅವ್ರಿಗೆ. ಏನಂದ್ರು ಗೊತ್ತೇನ್ರಿ? ‘ರೂಪಾ, ಮತ್ತ್ಯಾಕ ಬಂದಿ? ಹೋಗು ಅಂದಿನಲ್ಲ.’ ಅಷ್ಟ ಅಂದ್ರು. ಕೈ ಚಾಚಿದ್ರು. ನಾ ಹಿಡಕೊಂಡ್ನಿ.”

“ನೀನು ಯಾರು ಅಂತ ಹೇಳಲಿಲ್ಲವಾ?”

“ಹೆಂಗ ಹೇಳ್ಲಿ? ಮಗಳು ಅಂತ ತಿಳದು ಗಟ್ಟಿ ಹಿಡದಿದ್ರು. ಒಂದ ಕೈಲೆ ಫೋನ್ ತಗದು ಆ್ಯಂಬುಲೆನ್ಸಿನ ನಂಬರ್ ಒತ್ತೂದ್ರಾಗ ಆ ಹಿಡಿತ ಸಡಿಲ ಆತು. ಒತ್ತಿದ್ದನ್ನ ಅಳಿಸಿದ್ನಿ. ಶಟರ್ ಇಳಿಸಿ ಹೋದ್ನಿ. ವಾಚ್‌ಮನ್ ನೋಡ್ಲಿ ಅಂತ ಬಿಟ್ನಿ.”

ಅವನು ಅಳುತ್ತಿರಲಿಲ್ಲ. ಅತ್ತು ಮುಗಿಸಿದವರ ಮುಖ ಅದು.

“ಆವತ್ತಿಂದ ಗುರಿ ಹತ್ತವಲ್ದು. ಆ ಕರೇ ವೃತ್ತದಾಗ ಮಾಮಾರ ಕಣ್ಣ ಕಾಣತಾವ. ನೀವು ನನ್ನ ಹೆಸರು ಬರಸೂದಿದ್ರ ಬರಸ್ರಿ. ನಾ ಇಲ್ಲ ಅನ್ನೂದಿಲ್ಲ. ರೂಪಾನ್ನ ಬಿಟ್ಟಬಿಡ್ರಿ.”

ಅಕ್ಕು ಕೆಲಸದಲ್ಲಿದ್ದ ವರ್ಷಗಳಲ್ಲಿ ಎಷ್ಟೋ ಮಂದಿ ತಪ್ಪೊಪ್ಪಿಗೆ ಕೊಟ್ಟಿದ್ದನ್ನು ಕೇಳಿದ್ದಳು. ಮಾಡದ ತಪ್ಪನ್ನು ಇಷ್ಟು ದಣಿದ ದನಿಯಲ್ಲಿ ಬೇಡಿದವರು ಕಡಿಮೆ. ಇವನನ್ನು ಉಳಿಸಬೇಕಾದರೆ ರೂಪಾಲಿಯನ್ನು ಕೊಡಬೇಕು. ರೂಪಾಲಿಯನ್ನು ಉಳಿಸಬೇಕಾದರೆ ಇವನನ್ನು. ಸುಮ್ಮನೆ ಫೋನಿನ ಚಿತ್ರ ಅಳಿಸಿ ಮಾಟುಂಗಕ್ಕೆ ಹೋಗಿಬಿಡಬಹುದಿತ್ತು. ಆದರೆ ಅದನ್ನು ಸಂದೀಪನೂ ನೋಡಿಯಾಗಿತ್ತು.

“ಅಪ್ಪ ಹಾಗೆ ಅಂದ್ರಾ?”

ಇಬ್ಬರೂ ತಿರುಗಿದರು. ಮಾಡಿನ ಮೂಲೆಯಲ್ಲಿ ರೂಪಾಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯಲಿಲ್ಲ. ದುಪಟ್ಟಾವನ್ನು ಎರಡೂ ಕೈಯಲ್ಲಿ ಹಗ್ಗದ ಹಾಗೆ ಹೊಸೆದು ಹಿಡಿದಿದ್ದಳು.

“ಬಸು, ಬೋಲ್ ನಾ. ನಾನು ಅಂದ್ಕೊಂಡೇ ಹೋದ್ರಾ ಅವರು?”

ಬಸು ಹೌದೆಂದು ತಲೆಯಾಡಿಸಿದ. ರೂಪಾಲಿ ಗೋಡೆಗೆ ಒರಗಿದಳು.

“ನೀನು ಪುಣೆಗೆ ಹೋಗಿರಲಿಲ್ಲ,” ಎಂದಳು ಅಕ್ಕು.

“ನಾನು ಹೋಗಿದ್ದೆ ಅಂತ ಯಾವತ್ತಾದ್ರೂ ಹೇಳಿದ್ನಾ ಆಂಟಿ? ಅವ್ವ ಹೇಳಿದ್ಲು, ಪೊಲೀಸ್‌ಗೆ. ನಾನು ಸುಮ್ನಿದ್ದೆ.” ಅವಳು ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. “ಅಪ್ಪ ಫೋನ್ ಮಾಡಿ ಕರೆದಿದ್ರು. ರೈಫಲ್ ಬಸು ಹೆಸರಿಗೆ ಆಗೋಕ್ ಮುಂಚೆ ಒಂದ್ಸಲ ನೀನು ಹಿಡ್ಕೋ, ನೀನು ಬೋಲ್ಟ್ ಹಾಕೋ ಸೌಂಡ್ ಕೇಳ್ಬೇಕು ಅಂದ್ರು. ನಾನು ಮುಟ್ಟಲಿಲ್ಲ. ಝಗಡಾ ಆಯ್ತು. ನಿಮ್ಮಿಂದಾನೇ ನನ್ನ ಲೈಫ್ ಹಾಳಾಯ್ತು ಅಂದೆ. ಅಪ್ಪ ಹೋಗು ಅಂದ್ರು. ಹೋದೆ. ಸ್ಟೇಷನ್ ತನಕ ಹೋಗಿ ಪ್ಲಾಟ್‌ಫಾರ್ಮ್ ಮೇಲೆ ಕೂತಿದ್ದೆ. ಎಷ್ಟೋ ಲೋಕಲ್ ಬಿಟ್ಟೆ. ವಾಪಸ್ ಬಂದಾಗ ಗೇಟಲ್ಲಿ ಪೊಲೀಸ್ ವ್ಯಾನ್.”

“ನೀನು ಹೊರಟಾಗ ರೈಫಲ್ ಎಲ್ಲಿತ್ತು?”

“ಚಾಪೆ ಮೇಲೆ.”

“ಅಪ್ಪ?”

“ಸ್ಟೂಲ್ ಮೇಲೆ ಕೂತಿದ್ರು. ನನ್ನ ಕಡೆ ನೋಡ್ತಿದ್ರು. ಮತಲಬ್, ನಾನು ಇದ್ದ ಕಡೆ.”

“ಒಬ್ಬರೇ ಇದ್ರಾ?”

ರೂಪಾಲಿ ದುಪಟ್ಟಾದ ಹೊಸೆತವನ್ನು ಬಿಡಿಸತೊಡಗಿದಳು. ಬಸು ಕೂತಲ್ಲಿಂದ ಎದ್ದು ನಿಂತಿದ್ದ.

“ಇಲ್ಲ,” ಎಂದಳು ಅವಳು. “ಅವ್ವ ಇದ್ಲು. ಊಟದ ಡಬ್ಬಿ ತಂದಿದ್ಲು. ನೀ ನಡಿ, ನಾ ಅವರಿಗೆ ಉಣಿಸಿ ಬರ್ತೀನಿ ಅಂದ್ಲು.”

“ಅತ್ತಿ?” ಎಂದ ಬಸು. ಅದು ಪ್ರಶ್ನೆಯ ಹಾಗೆ ಕೇಳಲಿಲ್ಲ.

“ತಿಂಗಳಿಂದ ಒಂದೇ ಮನೇಲಿದೀವಿ ಆಂಟಿ. ಪಕ್ಕ ಪಕ್ಕ ಮಲಗ್ತೀವಿ. ಬೆಳಿಗ್ಗೆ ಎದ್ದು ಅವಳು ನನಗೆ ಚಹಾ ಕೊಡ್ತಾಳೆ, ನಾನು ಕುಡೀತೀನಿ. ಅಪ್ಪ ತಾವೇ ಮಾಡ್ಕೊಂಡ್ರಾ, ನೀನು ನೋಡ್ತಾ ಕೂತಿದ್ಯಾ, ಇಲ್ಲಾ ನೀನೇ... ಕೇಳೋಕೆ ಬಾಯಿ ಬರಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ. ನನ್ನ ಬದಲಿಗೆ ನೀವು ಕೇಳಿ.”

ಅಕ್ಕುವಿನ ಫೋನ್ ನಡುಗಿತು. ಪರದೆಯ ಮೇಲೆ ಸಂದೀಪನ ಹೆಸರು.

“ಮ್ಯಾಡಮ್, ಎರಡು ದಿನ ಕೊಡಾಕ ಆಗಲಿಲ್ಲ, ಮಾಫ್ ಮಾಡ್ರಿ.” ಅವನು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ, ಹಿಂದೆ ಯಾರೋ ಟೈಪ್ ಮಾಡುವ ಸದ್ದು. “ಶೆಟ್ಟೆಪ್ಪನ ಹೆಂಡತಿ ಬಂದಾಳ. ಸಾಹೇಬ್ರ ಮುಂದ ಕುಂತು ಜವಾಬು ಬರೆಸಾಕತ್ತಾಳ. ಬಸು ಹೊಡದದ್ದನ್ನ ತನ್ನ ಕಣ್ಣಾರೆ ನೋಡೀನಿ ಅಂತ ಹೇಳಾಕತ್ತಾಳ. ದಾರದ ಬಗ್ಗೆ ಸೈತ ಹೇಳಿದ್ಲು.”

ಅಕ್ಕುವಿನ ಎದುರಿಗೆ ಬಸು ಮತ್ತು ರೂಪಾಲಿ ಒಬ್ಬರನ್ನೊಬ್ಬರು ನೋಡಲಾರದೆ ನಿಂತಿದ್ದರು. ಅವನ ಜಾಕೆಟ್ಟಿನ ತೋಳು ಜಾರಿತ್ತು. ರೂಪಾಲಿ ಕೈ ಚಾಚಿ ಅದನ್ನು ಭುಜಕ್ಕೆ ಏರಿಸುತ್ತಿದ್ದಳು.

“ಗಾಡಿ ಹೊಂಟೈತಿ ಮ್ಯಾಡಮ್. ಅವ ಎಲ್ಲಿದ್ದಾನ ಅಂತ ಸಾಹೇಬ್ರು ಕೇಳಾಕತ್ತಾರ,” ಎಂದ ಸಂದೀಪ. “ನಿಮಗೇನರ ಗೊತ್ತೈತೇನು?”